ಡಿವಿಡಿ ತಟ್ಟೆಗಳ ಪ್ರತಿಲೇಖನ: ಮಲ್ಲಂದೂರು ಸೀಮೆಯ ನಿದರ್ಶನ ಮತ್ತು ಮ್ಯಾಕ್ ಗಣಕದಲ್ಲಿ ಮುಕ್ತ ತಂತ್ರಾಂಶದ ಆಯ್ಕೆ

ಗ್ರಂಥವು ಉಳಿಯುವುದು ತಾನು ಬರೆಯಲ್ಪಟ್ಟ ವಸ್ತುವಿನ ಬಲದಿಂದಲ್ಲ, ಕಾಲಕಾಲಕ್ಕೆ ನಡೆಯುವ ಪ್ರತಿಲೇಖನದ ಬಲದಿಂದ ಎಂಬುದು ಹಸ್ತಪ್ರತಿಗಳಲ್ಲಿ ಪರಿಶ್ರಮವುಳ್ಳ ವಿದ್ವಾಂಸರಿಗೆ ವಿದಿತವಾದ ಸಂಗತಿಯೇ ಆಗಿದೆ. ಓಲೆಗರಿಯು ಹುಳು, ತೇವ, ಬೆಂಕಿಗಳಿಗೆ ತುತ್ತಾಗುತ್ತದೆ; ಕಾಗದವು ಅದಕ್ಕಿಂತಲೂ ಅಲ್ಪಾಯು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಸಾವಿರ ವರ್ಷಗಳ ಬಳಿಕವೂ ನಾಡು ಸ್ಮರಿಸುತ್ತಿರುವುದು ಈ ಸತ್ಯವನ್ನು ಆಕೆ ಕಾರ್ಯರೂಪದಲ್ಲಿ ತೋರಿಸಿದ ಕಾರಣದಿಂದಲೇ.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ದೃಶ್ಯ ಮತ್ತು ಧ್ವನಿಗಳನ್ನು ಹಿಡಿದಿಡುವ ಹೊಸ ಪತ್ರವೊಂದು ದೊರೆಯಿತು. ಅದೇ ಡಿವಿಡಿ ತಟ್ಟೆ. ಹತ್ತಿಪ್ಪತ್ತು ವರ್ಷ ಮನೆಮನೆಗಳಲ್ಲಿ ಬಳಕೆಯಲ್ಲಿದ್ದ ಈ ತಟ್ಟೆಯೂ ಈಗ ಪ್ರತಿಲೇಖನವನ್ನು ಬೇಡುವ ವಯಸ್ಸನ್ನು ಮುಟ್ಟಿದೆ. ಅದನ್ನು ಯಾವ ಉಪಕರಣದಿಂದ, ಯಾವ ಕ್ರಮದಿಂದ ನಕಲು ಮಾಡಬೇಕು ಎಂಬುದು ಮೇಲುನೋಟಕ್ಕೆ ಯಂತ್ರಕುಶಲರ ಪ್ರಶ್ನೆಯೆಂದು ಕಂಡರೂ, ವಾಸ್ತವವಾಗಿ ಲಿಪಿಕಾರರೂ ಭಂಡಾರಿಗಳೂ ಶತಮಾನಗಳಿಂದ ಎದುರಿಸುತ್ತ ಬಂದ ಪ್ರಶ್ನೆಯೇ ಆಗಿದೆ. ಮ್ಯಾಕ್ ಗಣಕಯಂತ್ರವನ್ನು ಬಳಸುವವರಿಗೆ ಈ ಕಾರ್ಯಕ್ಕಾಗಿ ದೊರೆಯುವ ಬೆಲೆಯಿಲ್ಲದ ತಂತ್ರಾಂಶಗಳ ಇತಿಹಾಸವನ್ನು ಆ ದೃಷ್ಟಿಯಿಂದ ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

1. ಮಲ್ಲಂದೂರು ಸೀಮೆ ಮತ್ತು ಅಲ್ಲಿಯ ತಟ್ಟೆಗಳು

ಚಿಕ್ಕಮಗಳೂರಿನಿಂದ ಮುತ್ತೋಡಿಯ ಅರಣ್ಯದ ಕಡೆಗೆ ಸಾಗುವ ದಾರಿಯಲ್ಲಿರುವ ಮಲ್ಲಂದೂರು ಕಾಫಿತೋಟಗಳ ನಡುವಣ ಊರು. ಇಲ್ಲಿಂದ ಮೂಡಿಗೆರೆ, ಕಳಸಗಳವರೆಗೆ ಹಬ್ಬಿದ ಮಲೆಸೀಮೆಯು ಇತಿಹಾಸದಲ್ಲಿ ಅಪರಿಚಿತವಾದುದಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿಯು ಹೊಯ್ಸಳರ ಮೂಲಸ್ಥಾನವಾದ ಸೊಸೆವೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಪ್ರಾಚೀನ ಬಸದಿಗಳೂ ಶಾಸನಗಳೂ ಅಲ್ಲಿವೆ. ಕಳಸವು ಕಾರ್ಕಳದೊಡನೆ ಸೇರಿ ಭೈರರಸರ ಆಳ್ವಿಕೆಗೆ ಒಳಪಟ್ಟಿತ್ತು. 1432ರಲ್ಲಿ ಕಾರ್ಕಳದ ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದ ವೀರಪಾಂಡ್ಯನು ಆ ವಂಶದವನೇ. ಘಟ್ಟದ ಮೇಲಿನ ಮನೆತನಗಳಿಗೂ ಘಟ್ಟದ ಕೆಳಗಿನ ಕ್ಷೇತ್ರಗಳಿಗೂ ಇರುವ ಸಂಬಂಧ ಹೀಗೆ ಪುರಾತನವಾದುದು.

ಕಾರ್ಕಳದಲ್ಲಿ 2002 ಮತ್ತು 2015ರಲ್ಲಿ, ಶ್ರವಣಬೆಳಗೊಳದಲ್ಲಿ 2006 ಮತ್ತು 2018ರಲ್ಲಿ, ಧರ್ಮಸ್ಥಳದಲ್ಲಿ 2007ರಲ್ಲಿ, ವೇಣೂರಿನಲ್ಲಿ 2012ರಲ್ಲಿ ಮಹಾಮಸ್ತಕಾಭಿಷೇಕಗಳು ನಡೆದವು. ಇವುಗಳಲ್ಲಿ ಬಹುಪಾಲು ಡಿವಿಡಿ ಬಳಕೆಯಲ್ಲಿದ್ದ ಕಾಲಕ್ಕೆ ಸೇರುತ್ತವೆ. ಅಚ್ಚೊತ್ತಿ ಮಾರಿದ ತಟ್ಟೆಗಳಲ್ಲದೆ, ಮದುವೆ, ಗೃಹಪ್ರವೇಶ, ಉಪನಯನ, ಊರಹಬ್ಬ, ಪ್ರವಚನ ಮುಂತಾದವುಗಳನ್ನು ಪಟ್ಟಣದ ಛಾಯಾಗ್ರಾಹಕರು ಚಿತ್ರೀಕರಿಸಿ ತಟ್ಟೆಗಿಳಿಸಿ ಕೊಡುವುದು ಆ ಕಾಲದ ರೂಢಿಯಾಗಿತ್ತು. ಒಂದು ಮನೆಯ ಮದುವೆಯ ತಟ್ಟೆಯಲ್ಲಿ ಇಂದು ಇಲ್ಲದ ಹಿರಿಯರ ಮಾತು ಇರಬಹುದು. ಹಸೆಗೆ ಕರೆಯುವಾಗ ಹೆಂಗಸರು ಹಾಡಿದ, ಎಲ್ಲಿಯೂ ಬರೆದಿಡದ ಹಾಡು ಇರಬಹುದು. ಅಂತಹ ತಟ್ಟೆಗೆ ಬಹುಶಃ ಎರಡನೆಯ ಪ್ರತಿ ಇರುವುದಿಲ್ಲ. ಹಸ್ತಪ್ರತಿಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಏಕಮಾತ್ರ ಪ್ರತಿ.

ಮಲೆನಾಡಿನ ಹವೆ ಇಂತಹ ಪ್ರತಿಗೆ ಅನುಕೂಲವಾದುದಲ್ಲ. ಜೂನ್ ತಿಂಗಳಿನಿಂದ ಹಿಡಿಯುವ ಮಳೆಯಲ್ಲಿ ಬಟ್ಟೆಬರೆ, ಪುಸ್ತಕ, ಚರ್ಮದ ವಸ್ತುಗಳೆಲ್ಲ ಬೂಷ್ಟು ಹಿಡಿಯುವುದು ಅಲ್ಲಿಯ ನಿತ್ಯಾನುಭವ. ಪೂರ್ವಿಕರು ಓಲೆಗಟ್ಟುಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಸವರಿ, ಅಕ್ಷರಗಳಿಗೆ ಕಾಡಿಗೆ ತುಂಬಿ, ಹಲಗೆಗಳ ನಡುವೆ ಬಿಗಿದು, ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಡಿವಿಡಿಗೆ ಅಂತಹ ಚಿಕಿತ್ಸೆಯಿಲ್ಲ. ಮನೆಯ ಯಂತ್ರದಲ್ಲಿ ಬರೆಯುವ ತಟ್ಟೆಯಲ್ಲಿ ಅಕ್ಷರಸ್ಥಾನೀಯವಾದ ಗುರುತುಗಳು ಮೂಡುವುದು ಸಾವಯವ ಬಣ್ಣದ ತೆಳುವಾದ ಪದರವೊಂದರಲ್ಲಿ. ಬಿಸಿಲು, ತಾಪ, ತೇವಗಳಿಂದ ಆ ಬಣ್ಣವು ಕ್ರಮೇಣ ಕೆಡುತ್ತದೆ. ಓಲೆಯು ಅಂಚಿನಿಂದ ಮುರಿಯುತ್ತ ಬರುವುದರಿಂದ ಅದರ ಕೇಡು ಕಣ್ಣಿಗೆ ಕಾಣುತ್ತದೆ. ತಟ್ಟೆಯ ಕೇಡು ಕಾಣುವುದಿಲ್ಲ. ಒಂದು ದಿನ ಯಂತ್ರವು ಅದನ್ನು ಓದಲು ನಿರಾಕರಿಸಿದಾಗಲೇ ಅದು ಅರಿವಿಗೆ ಬರುತ್ತದೆ.

2. ತಟ್ಟೆಯ ರಚನೆ

1996ರಲ್ಲಿ ಮೊದಲು ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿಯು 12 ಸೆಂಟಿಮೀಟರ್ ವ್ಯಾಸದ್ದು. 0.6 ಮಿಲಿಮೀಟರ್ ದಪ್ಪದ ಎರಡು ಬಿಲ್ಲೆಗಳನ್ನು ಬೆಸೆದು ಇದನ್ನು ಮಾಡಲಾಗುತ್ತದೆ. ಒಂದೇ ಪದರದ ತಟ್ಟೆಯಲ್ಲಿ ಸುಮಾರು 470 ಕೋಟಿ ಬೈಟ್, ಎರಡು ಪದರದ್ದರಲ್ಲಿ ಸುಮಾರು 850 ಕೋಟಿ ಬೈಟ್ ಮಾಹಿತಿ ಹಿಡಿಸುತ್ತದೆ. ಭಾರತದಲ್ಲಿ ರೂಢಿಯಲ್ಲಿದ್ದ ಪಾಲ್ ಪದ್ಧತಿಯಂತೆ ಪ್ರತಿಯೊಂದು ಬಿಂಬವೂ 720 ಬಿಂದುಗಳ ಅಗಲ, 576 ಸಾಲುಗಳ ಎತ್ತರ ಉಳ್ಳದ್ದಾಗಿ, ಕ್ಷಣಕ್ಕೆ 25 ಬಿಂಬಗಳಂತೆ, ಎಂಪೆಗ್-2 ಎಂಬ ಸಂಕೇತಪದ್ಧತಿಯಲ್ಲಿ ಅಡಕವಾಗಿರುತ್ತದೆ.

ತಟ್ಟೆಯೊಳಗಿನ ವಿನ್ಯಾಸವು ಹಸ್ತಪ್ರತಿಯ ಕಟ್ಟನ್ನು ನೆನಪಿಗೆ ತರುವಂತಿದೆ. ದೃಶ್ಯವೂ ಧ್ವನಿಯೂ ವಿಒಬಿ ಎಂಬ ಕಡತಗಳಲ್ಲಿ ಇರುತ್ತವೆ. ಒಂದೊಂದು ಕಡತವೂ ಒಂದು ಗಿಗಾಬೈಟನ್ನು ಮೀರದಂತೆ ವಿಭಾಗಿಸಲ್ಪಟ್ಟಿರುತ್ತದೆ. ಯಾವ ಅಧ್ಯಾಯ ಎಲ್ಲಿ ಆರಂಭವಾಗುತ್ತದೆ ಎಂಬ ಸೂಚಿಯು ಐಎಫ್‌ಒ ಕಡತದಲ್ಲಿರುತ್ತದೆ. ಆ ಸೂಚಿಯು ಕೆಟ್ಟರೆ ಎಂಬ ಶಂಕೆಯಿಂದ ಅದರದೇ ಇನ್ನೊಂದು ಪ್ರತಿಯನ್ನು ಬಿಯುಪಿ ಎಂಬ ಹೆಸರಿನಿಂದ ಅದೇ ತಟ್ಟೆಯಲ್ಲಿ ಇಡಲಾಗುತ್ತದೆ. ರಚನಾಕಾರರೇ ನಾಶವನ್ನು ನಿರೀಕ್ಷಿಸಿದ್ದರೆಂಬುದಕ್ಕೆ ಇದು ಪ್ರಮಾಣ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸುವುದು ಅವಶ್ಯ. ಗ್ರಂಥಭಂಡಾರಗಳಲ್ಲಿ ಓಲೆಗರಿಗಳ ಛಾಯಾಬಿಂಬಗಳನ್ನು ತುಂಬಿಟ್ಟ ಡಿವಿಡಿಗಳು ಇರುತ್ತವೆ. ಅವು ಕೇವಲ ಕಡತಗಳ ಪೆಟ್ಟಿಗೆಗಳು. ಅವುಗಳಿಗೆ ರೂಪಾಂತರದ ಅವಶ್ಯಕತೆಯಿಲ್ಲ. ಕಡತಗಳನ್ನು ಇದ್ದಂತೆಯೇ ಬೇರೆಡೆಗೆ ನಕಲಿಸಿದರೆ ಸಾಕು. ರೂಪಾಂತರದ ಪ್ರಶ್ನೆ ಏಳುವುದು ದೃಶ್ಯಮುದ್ರಿಕೆಗಳ ವಿಷಯದಲ್ಲಿ ಮಾತ್ರ.

3. ಓದುವ ಯಂತ್ರದ ತಿರೋಧಾನ

ತಟ್ಟೆಯು ಉಳಿದರೂ ಅದನ್ನು ಓದುವ ಯಂತ್ರವು ಉಳಿಯಬೇಕಲ್ಲವೆ? ಲಿಪಿಯು ನಾಶವಾಗದಿದ್ದರೂ ಅದನ್ನು ಬಲ್ಲವರಿಲ್ಲದಿದ್ದರೆ ಶಾಸನವು ಮೂಕವಾಗುವಂತೆಯೇ ಇದೂ ಆಗುತ್ತದೆ. ಆಪಲ್ ಸಂಸ್ಥೆಯು 2008ರಲ್ಲಿ ಹೊರತಂದ ಮ್ಯಾಕ್‌ಬುಕ್ ಏರ್ ಯಂತ್ರದಲ್ಲಿ ತಟ್ಟೆ ಓದುವ ಸಾಧನ ಇರಲಿಲ್ಲ. 2012ರ ಹೊಸ ಮ್ಯಾಕ್‌ಬುಕ್ ಪ್ರೊ ರೆಟಿನಾ ಮತ್ತು ಐಮ್ಯಾಕ್‌ಗಳಲ್ಲಿಯೂ ಅದನ್ನು ಕೈಬಿಡಲಾಯಿತು. ಅದೇ ವರ್ಷದ 13 ಅಂಗುಲದ ಹಳೆಯ ಮಾದರಿಯೊಂದರ ಮಾರಾಟ 2016ರವರೆಗೆ ನಡೆದು ನಿಂತಿತು. ಹೊರಗಿನಿಂದ ಜೋಡಿಸಬಹುದಾಗಿದ್ದ ಸೂಪರ್‌ಡ್ರೈವ್ ಎಂಬ ಸಾಧನದ ಮಾರಾಟವೂ 2024ರಲ್ಲಿ ಕೊನೆಗೊಂಡಿತು. ಅನ್ಯ ತಯಾರಕರ ಯುಎಸ್‌ಬಿ ಸಾಧನಗಳು ಮ್ಯಾಕ್‌ಗೆ ಹೊಂದುತ್ತವೆಯಾದುದರಿಂದ ದಾರಿ ಪೂರ್ಣವಾಗಿ ಮುಚ್ಚಿಲ್ಲ. ಆದರೆ ಅದು ಕಿರಿದಾಗುತ್ತಿದೆ.

ಸಂಸ್ಕಾರಕದ ಪಲ್ಲಟವು ಇನ್ನೊಂದು ಅಡಚಣೆ. ಮ್ಯಾಕ್ ಯಂತ್ರಗಳು 2006ರಲ್ಲಿ ಪವರ್‌ಪಿಸಿಯಿಂದ ಇಂಟೆಲ್‌ಗೆ, 2020ರಲ್ಲಿ ಇಂಟೆಲ್‌ನಿಂದ ಆಪಲ್‌ನ ಸ್ವಂತ ಸಂಸ್ಕಾರಕಕ್ಕೆ ಸಾಗಿದವು. ಪವರ್‌ಪಿಸಿಗಾಗಿ ರಚಿತವಾದ ತಂತ್ರಾಂಶಗಳನ್ನು ಇಂಟೆಲ್ ಯಂತ್ರದಲ್ಲಿ ನಡೆಸಲು ನೆರವಾಗುತ್ತಿದ್ದ ರೊಸೆಟ್ಟಾ ಎಂಬ ದುಭಾಷಿಯನ್ನು 2011ರ ಲಯನ್ ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. 2019ರ ಕ್ಯಾಟಲಿನಾ ಆವೃತ್ತಿಯು 32 ಬಿಟ್‌ನ ತಂತ್ರಾಂಶಗಳನ್ನು ನಿಲ್ಲಿಸಿತು. ಈ ಒಂದೊಂದು ಘಟ್ಟದಲ್ಲಿಯೂ ಕೆಲವು ತಂತ್ರಾಂಶಗಳು ಬಿದ್ದವು, ಕೆಲವು ದಾಟಿದವು. ದಾಟಿದವು ಯಾವುವು, ಏಕೆ ದಾಟಿದವು ಎಂಬುದೇ ಇಲ್ಲಿ ಮುಖ್ಯವಾದ ವಿಚಾರ.

4. ಉಚಿತ ಮತ್ತು ಮುಕ್ತ

ಇಂಗ್ಲಿಷಿನ ‘ಫ್ರೀ’ ಶಬ್ದವು ಬೆಲೆಯಿಲ್ಲದ್ದು, ಬಂಧನವಿಲ್ಲದ್ದು ಎಂಬ ಎರಡು ಅರ್ಥಗಳನ್ನೂ ಹೊತ್ತು ಗೊಂದಲವನ್ನು ಉಂಟುಮಾಡುತ್ತದೆ. ಕನ್ನಡದಲ್ಲಿ ಆ ಗೊಂದಲವಿಲ್ಲ. ಬೆಲೆಯಿಲ್ಲದ್ದು ಉಚಿತ, ಮೂಲಸಂಕೇತವು ಎಲ್ಲರಿಗೂ ತೆರೆದಿದ್ದು, ಅದನ್ನು ಓದುವ, ತಿದ್ದುವ, ಹಂಚುವ ಅಧಿಕಾರವನ್ನು ಕೊಡುವಂತಹುದು ಮುಕ್ತ. ಉಚಿತವಾದುದೆಲ್ಲ ಮುಕ್ತವಲ್ಲ. ಈ ವಿವೇಕವು ಆಯ್ಕೆಯ ಮೊದಲ ಹೆಜ್ಜೆ.

2000ದ ದಶಕದ ಮಧ್ಯಭಾಗದಲ್ಲಿ ಮ್ಯಾಕ್ ಬಳಕೆದಾರರಲ್ಲಿ ಬಹುಪ್ರಚಲಿತವಾಗಿದ್ದ ತಂತ್ರಾಂಶ ಮ್ಯಾಕ್‌ದರಿಪ್ಪರ್. ಅದರ ಪ್ರಸಿದ್ಧ ಆವೃತ್ತಿಯು ಉಚಿತವಾಗಿತ್ತು, ಆದರೆ ಮುಕ್ತವಾಗಿರಲಿಲ್ಲ. ಪವರ್‌ಪಿಸಿಯ ಕಾಲದ ಆ ರಚನೆಯು 2011ರ ಬಳಿಕ ಹೊಸ ಯಂತ್ರಗಳಲ್ಲಿ ನಡೆಯದಾಯಿತು. ಮೂಲಸಂಕೇತವು ಅನ್ಯರ ಕೈಯಲ್ಲಿ ಇಲ್ಲದಿದ್ದ ಕಾರಣ ಬೇರೆ ಯಾರೂ ಅದನ್ನು ಎತ್ತಿ ನಿಲ್ಲಿಸುವಂತಿರಲಿಲ್ಲ.

ಇದಕ್ಕೆ ಪ್ರತಿಯಾದ ನಿದರ್ಶನ ಹ್ಯಾಂಡ್‌ಬ್ರೇಕ್. ಎರಿಕ್ ಪೆಟಿ ಎಂಬವರು ಇದನ್ನು 2003ರಲ್ಲಿ ಬಿಓಎಸ್ ಎಂಬ ಗಣಕವ್ಯವಸ್ಥೆಗಾಗಿ ರಚಿಸಿ ಬಳಿಕ ಮ್ಯಾಕ್‌ಗೂ ಅಳವಡಿಸಿದರು. ಆ ಬಿಓಎಸ್ ವ್ಯವಸ್ಥೆಯು ಇಂದು ಬಳಕೆಯಿಂದ ಮರೆಯಾಗಿದೆ. ಹ್ಯಾಂಡ್‌ಬ್ರೇಕನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಹೊರಡಿಸಲಾಗಿತ್ತು. 2006ರಲ್ಲಿ ತಂತ್ರಾಂಶವನ್ನು ಮುಂದುವರಿಸಲು ಉದ್ಯುಕ್ತರಾದ ಕೆಲವರಿಗೆ ಮೂಲಕರ್ತೃವಿನ ಸಂಪರ್ಕವೇ ದೊರೆಯಲಿಲ್ಲ. ಪರವಾನಗಿಯು ಅನುಮತಿಸಿದ ಪ್ರಕಾರ ಅವರು ಮೂಲಸಂಕೇತವನ್ನು ತೆಗೆದುಕೊಂಡು ಮೀಡಿಯಾಫೋರ್ಕ್ ಎಂಬ ಹೆಸರಿನಿಂದ ಕವಲೊಂದನ್ನು ಆರಂಭಿಸಿದರು. 2007ರಲ್ಲಿ ಮೂಲಕರ್ತೃವಿನೊಡನೆ ಸಂಪರ್ಕವೇರ್ಪಟ್ಟು, ಕವಲು ಮತ್ತೆ ಮೂಲನಾಮದಲ್ಲಿಯೇ ಲೀನವಾಯಿತು. 2016ರ ಡಿಸೆಂಬರಿನಲ್ಲಿ, ಆರಂಭವಾಗಿ ಹದಿಮೂರು ವರ್ಷಗಳ ಮೇಲೆ, ಅದರ 1.0.0 ಆವೃತ್ತಿ ಪ್ರಕಟವಾಯಿತು. 2021ರ 1.4.0 ಆವೃತ್ತಿಯು ಆಪಲ್‌ನ ಹೊಸ ಸಂಸ್ಕಾರಕಕ್ಕೂ ಅಳವಟ್ಟಿತು. ಕರ್ತೃವು ಇಲ್ಲದಾಗಲೂ ಕೃತಿಯು ಮುಂದುವರಿಯುವುದಕ್ಕೆ ಶಿಷ್ಯಪರಂಪರೆ ಹೇಗೆ ಕಾರಣವೋ, ಇಲ್ಲಿ ಮುಕ್ತವಾದ ಪರವಾನಗಿಯು ಹಾಗೆಯೇ ಕಾರಣವಾಯಿತು.

ಹ್ಯಾಂಡ್‌ಬ್ರೇಕ್ ಸ್ವತಂತ್ರವಾಗಿ ನಿಂತುದೂ ಅಲ್ಲ. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳ ಯೋಜನೆಯಾಗಿ ಮೊದಲಾಗಿ 2001ರಲ್ಲಿ ಮುಕ್ತಗೊಂಡ ವಿಡಿಯೋಲ್ಯಾನ್, ಫಾಬ್ರಿಸ್ ಬೆಲ್ಲಾರ್ ಅವರು 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಮೊದಲಾದ ಮುಕ್ತ ಯೋಜನೆಗಳಲ್ಲಿ ಸಿದ್ಧವಾದ ಅಂಗಗಳನ್ನು ಅದು ಬಳಸಿಕೊಂಡಿದೆ. ವಿಡಿಯೋಲ್ಯಾನಿನ ವಿಎಲ್‌ಸಿ ತಂತ್ರಾಂಶವು ಮ್ಯಾಕ್‌ನಲ್ಲಿ ತಟ್ಟೆಯನ್ನು ನೋಡುವುದಕ್ಕೂ ಉಪಯುಕ್ತ. ಮೇಕ್‌ಎಂಕೆವಿ ಎಂಬ ಇನ್ನೊಂದು ತಂತ್ರಾಂಶವು ಡಿವಿಡಿಯ ಮಟ್ಟಿಗೆ ಉಚಿತ. ತಟ್ಟೆಯ ದೃಶ್ಯವನ್ನು ಬದಲಿಸದೆ ಎಂಕೆವಿ ಕಡತಕ್ಕೆ ಇಳಿಸುವುದರಲ್ಲಿ ಸಮರ್ಥ. ಆದರೆ ಅದರ ಮೂಲಸಂಕೇತವು ಪೂರ್ಣವಾಗಿ ತೆರೆದಿಲ್ಲ. ಇಂದಿನ ಕಾರ್ಯಕ್ಕೆ ಅದನ್ನು ಬಳಸಲು ಅಡ್ಡಿಯಿಲ್ಲ. ಮುಂದಿನ ತಲೆಮಾರಿನವರೆಗೆ ಅದನ್ನೇ ನೆಚ್ಚುವುದು ಉಚಿತವಲ್ಲ.

5. ಬೀಗದ ಪ್ರಶ್ನೆ

ಅಂಗಡಿಯಲ್ಲಿ ಮಾರಲಾದ ಅನೇಕ ಡಿವಿಡಿಗಳಿಗೆ ಸಿಎಸ್‌ಎಸ್ ಎಂಬ ಗೂಢಸಂಕೇತದ ಬೀಗವಿರುತ್ತದೆ. 1999ರಲ್ಲಿ ಈ ಬೀಗವನ್ನು ತೆರೆಯುವ ಡಿಸಿಎಸ್‌ಎಸ್ ಎಂಬ ಸಣ್ಣ ತಂತ್ರಾಂಶವು ಹೊರಬಂದಿತು. ಅದರ ಸಂಬಂಧವಾಗಿ ನಾರ್ವೆಯ ಯೋನ್ ಯೊಹಾನ್ಸೆನ್ ಎಂಬ ತರುಣನ ಮೇಲೆ ಮೊಕದ್ದಮೆ ನಡೆದು, 2003ರಲ್ಲಿ ಆರಂಭಿಕ ನ್ಯಾಯಾಲಯವೂ ಮೇಲ್ಮನವಿಯ ನ್ಯಾಯಾಲಯವೂ ಅವನನ್ನು ದೋಷಮುಕ್ತನೆಂದು ಸಾರಿದವು. ಹ್ಯಾಂಡ್‌ಬ್ರೇಕಿನ ಈಚಿನ ಆವೃತ್ತಿಗಳಲ್ಲಿ ಬೀಗ ತೆರೆಯುವ ಅಂಗವನ್ನು ಸೇರಿಸಿಲ್ಲ. ಬೀಗವಿಲ್ಲದ ತಟ್ಟೆಗಳನ್ನು ಮಾತ್ರ ಅದು ತಾನಾಗಿ ಓದುತ್ತದೆ.

ಭಾರತದಲ್ಲಿ 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ಆದ ತಿದ್ದುಪಡಿಯು 65ಎ ಪ್ರಕರಣವನ್ನು ಸೇರಿಸಿತು. ಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ರಕ್ಷಣೆಯನ್ನು ಮುರಿಯುವುದು ಅದರ ಪ್ರಕಾರ ದಂಡನೀಯ. ಅಧಿನಿಯಮವು ನಿಷೇಧಿಸದ ಉದ್ದೇಶಕ್ಕಾಗಿ ಮಾಡುವ ಕಾರ್ಯಕ್ಕೆ ಅದೇ ಪ್ರಕರಣದಲ್ಲಿ ವಿನಾಯಿತಿಯೂ ಉಂಟು. ವಾಣಿಜ್ಯೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಇಡಬಹುದೆಂದು 52ನೆಯ ಪ್ರಕರಣವು ಹೇಳುತ್ತದೆಯಾದರೂ, ಕೃತಿಯ ಅಂಕೀಯವಲ್ಲದ ಪ್ರತಿಯು ಮೊದಲೇ ಆ ಗ್ರಂಥಾಲಯದಲ್ಲಿರಬೇಕೆಂಬ ನಿಬಂಧನೆಯನ್ನು ಇಟ್ಟಿದೆ. ಡಿವಿಡಿಯು ಸ್ವತಃ ಅಂಕೀಯ ಪ್ರತಿಯಾದುದರಿಂದ ಗ್ರಂಥಾಲಯಗಳು ಈ ಅವಕಾಶವನ್ನು ನೆಚ್ಚುವ ಮುನ್ನ ವಿಚಾರಿಸಬೇಕಾಗುತ್ತದೆ.

ಮಲ್ಲಂದೂರಿನಂತಹ ಊರುಗಳ ಮನೆತಟ್ಟೆಗಳಿಗೆ ಸಾಮಾನ್ಯವಾಗಿ ಇಂತಹ ಬೀಗವಿರುವುದಿಲ್ಲ. ಅದೇ ಅಧಿನಿಯಮದ 17ನೆಯ ಪ್ರಕರಣದ ಪ್ರಕಾರ, ಹಣ ಕೊಟ್ಟು ಚಿತ್ರೀಕರಣ ಮಾಡಿಸಿದಾಗ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರೇ ಅದರ ಪ್ರಥಮ ಸ್ವಾಮಿಗಳು. ಆದುದರಿಂದ ಮದುವೆಯ ತಟ್ಟೆಯನ್ನು ನಕಲು ಮಾಡಲು ಮನೆಯವರು ಹಿಂಜರಿಯಬೇಕಾದುದಿಲ್ಲ. ಅಚ್ಚೊತ್ತಿ ಮಾರಿದ ತಟ್ಟೆಯ ವಿಷಯದಲ್ಲಾದರೋ ಸ್ವಾಮ್ಯವುಳ್ಳವರ ಅನುಮತಿಯನ್ನು ಪಡೆಯುವುದೇ ನೇರವಾದ ಮಾರ್ಗ.

ಬೀಗ ಮತ್ತು ಪ್ರತಿಗಳ ಈ ಪ್ರಶ್ನೆಗೆ ಕನ್ನಡನಾಡಿನಲ್ಲಿ ಪೂರ್ವೋದಾಹರಣೆ ಇದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿದ್ದ ಧವಲ, ಜಯಧವಲ, ಮಹಾಧವಲ ಗ್ರಂಥಗಳು ಬಹುಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಮುಂಬಯಿಯ ಶೇಠ್ ಮಾಣಿಕಚಂದ್, ಸೊಲ್ಲಾಪುರದ ಶೇಠ್ ಹೀರಾಚಂದ್ ನೇಮಚಂದ್ ಮುಂತಾದವರ ಪ್ರಯತ್ನದಿಂದ 1896ರ ಸುಮಾರಿಗೆ ಅವುಗಳ ಪ್ರತಿಲೇಖನ ಆರಂಭವಾಗಿ 1922ರವರೆಗೆ, ಅಂದರೆ ಸುಮಾರು 26 ವರ್ಷ, ನಡೆಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಮಿರಜಿನ ಗಜಪತಿ ಶಾಸ್ತ್ರಿಗಳು ಮೊದಲಾದವರು ಅದರಲ್ಲಿ ಶ್ರಮಿಸಿದರು. ಪ್ರತಿಗಳು ಹೊರಗೆ ಹೋಗಬಾರದೆಂಬುದು ಭಂಡಾರದವರ ಅಭಿಪ್ರಾಯವಾಗಿತ್ತು. ಗಜಪತಿ ಶಾಸ್ತ್ರಿಗಳು ಗುಪ್ತವಾಗಿ ಸಿದ್ಧಪಡಿಸಿಕೊಂಡ ಕನ್ನಡ ಪ್ರತಿಯು ಸಹಾರನಪುರವನ್ನು ಸೇರಿ, ಅಲ್ಲಿಂದ ನಾಗರಿಗೆ ಇಳಿದು, ಅದರ ಪ್ರತಿಗಳ ಪ್ರತಿಗಳು ಉತ್ತರದ ಅನೇಕ ಸ್ಥಳಗಳಿಗೆ ಹರಡಿದವು. ಡಾ. ಹೀರಾಲಾಲ್ ಜೈನ್ ಅವರು 1939ರಲ್ಲಿ ಅಮರಾವತಿಯಿಂದ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೊರತಂದುದು ಅಂತಹ ಪ್ರತಿಗಳ ಆಧಾರದಿಂದ.

ಆದರೆ ಈ ವೃತ್ತಾಂತದ ಉತ್ತರಾರ್ಧವು ಪೂರ್ವಾರ್ಧದಷ್ಟೇ ಮುಖ್ಯವಾದುದು. ಪ್ರತಿಯಿಂದ ಪ್ರತಿಗೆ ಇಳಿಯುವಾಗ ಸೇರಿದ ಸ್ಖಾಲಿತ್ಯಗಳು ಸರಿಯಾದುದು, ಮುಂದೆ ಮೂಡುಬಿದಿರೆಯವರ ಸಹಕಾರದಿಂದ ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸುವ ಅವಕಾಶ ದೊರೆತ ಮೇಲೆಯೇ. ಪ್ರತಿಯು ಹರಡಿದುದರಿಂದ ಗ್ರಂಥವು ಲೋಕಕ್ಕೆ ತಿಳಿಯಿತು. ಮೂಲವು ಸುರಕ್ಷಿತವಾಗಿ ಉಳಿದುದರಿಂದ ಪಾಠವು ಶುದ್ಧವಾಯಿತು. ಎರಡರಲ್ಲಿ ಒಂದಿಲ್ಲದೆ ಇನ್ನೊಂದು ಪೂರ್ಣವಾಗುತ್ತಿರಲಿಲ್ಲ.

6. ಯಥಾಪ್ರತಿ ಮತ್ತು ರೂಪಾಂತರ

ಮೇಲಿನ ಪಾಠವನ್ನು ಡಿವಿಡಿಗೆ ಅನ್ವಯಿಸಿದಾಗ, ಯಥಾಪ್ರತಿ ಬೇರೆ, ರೂಪಾಂತರ ಬೇರೆ ಎಂಬುದು ಸ್ಪಷ್ಟವಾಗುತ್ತದೆ. ತಟ್ಟೆಯಲ್ಲಿರುವುದನ್ನು ಒಂದು ಬಿಟ್ಟೂ ವ್ಯತ್ಯಾಸವಾಗದಂತೆ ಇಳಿಸಿಕೊಂಡರೆ ಅದು ಯಥಾಪ್ರತಿ. ಬೀಗವಿಲ್ಲದ ತಟ್ಟೆಗೆ ಮ್ಯಾಕ್‌ನಲ್ಲಿಯೇ ಇರುವ ಡಿಸ್ಕ್ ಯುಟಿಲಿಟಿ ಎಂಬ ಸಾಧನದಿಂದ ಇಂತಹ ಪೂರ್ಣಬಿಂಬವನ್ನು ತೆಗೆಯಬಹುದು. ಹ್ಯಾಂಡ್‌ಬ್ರೇಕ್ ಮಾಡುವುದು ರೂಪಾಂತರ. ಎಂಪೆಗ್-2ರಲ್ಲಿರುವ ದೃಶ್ಯವನ್ನು ಬಿಡಿಸಿ, ಎಚ್.264 ಮುಂತಾದ ಹೊಸ ಪದ್ಧತಿಯಲ್ಲಿ ಮತ್ತೆ ಅಡಕಗೊಳಿಸಿ, ಎಂಪಿ4 ಅಥವಾ ಎಂಕೆವಿ ಕಡತವನ್ನು ಅದು ಕೊಡುತ್ತದೆ. ಕಡತವು ಚಿಕ್ಕದಾಗುತ್ತದೆ, ದೂರವಾಣಿಯಲ್ಲಿಯೂ ನೋಡಲು ಬರುತ್ತದೆ. ಆದರೆ ಈ ಕ್ರಿಯೆಯಲ್ಲಿ ಕಿಂಚಿತ್ತಾದರೂ ಸೂಕ್ಷ್ಮಾಂಶವು ನಷ್ಟವಾಗುತ್ತದೆ, ಮತ್ತು ನಷ್ಟವಾದುದು ಮರಳುವುದಿಲ್ಲ. ಅದು ಗ್ರಂಥವಲ್ಲ, ಗ್ರಂಥದ ಸಂಗ್ರಹ.

ಹೀಗಿರುವಲ್ಲಿ ಮೊದಲು ಯಥಾಪ್ರತಿ, ಅನಂತರ ರೂಪಾಂತರ ಎಂಬ ಕ್ರಮವೇ ಯುಕ್ತ. ಸಂಗ್ರಹಿಸಲು ಸ್ಥಳವಿಲ್ಲವೆಂಬ ಆಕ್ಷೇಪವು ಇಂದು ನಿಲ್ಲುವುದಿಲ್ಲ. ಒಂದು ಟೆರಾಬೈಟ್, ಅಂದರೆ ಒಂದು ಲಕ್ಷ ಕೋಟಿ ಬೈಟ್ ಹಿಡಿಸುವ ಸಂಗ್ರಹಸಾಧನದಲ್ಲಿ ಒಂದು ಪದರದ ತುಂಬಿದ ತಟ್ಟೆಗಳು 200ಕ್ಕೂ ಹೆಚ್ಚು ಹಿಡಿಸುತ್ತವೆ. ಮಳೆಗಾಲದಲ್ಲಿ ವಿದ್ಯುತ್ತು ಪದೇಪದೇ ನಿಲ್ಲುವ ಮಲೆನಾಡಿನಲ್ಲಿ ಈ ಕ್ರಮಕ್ಕೆ ಬೇರೊಂದು ಸೌಕರ್ಯವೂ ಉಂಟು. ತಟ್ಟೆಯನ್ನು ಓದಿಕೊಳ್ಳುವುದು ಸ್ವಲ್ಪ ಹೊತ್ತಿನ ಕೆಲಸ. ಹಳೆಯ ಯಂತ್ರದಲ್ಲಿ ಗಂಟೆಗಟ್ಟಲೆ ಹಿಡಿಯಬಹುದಾದ ರೂಪಾಂತರವನ್ನು ಅನುಕೂಲ ಕಾಲದಲ್ಲಿ ಮಾಡಿಕೊಳ್ಳಬಹುದು.

ರೂಪಾಂತರದಲ್ಲಿ ಗಮನಿಸಬೇಕಾದ ಅಂಶಗಳು ಕೆಲವೇ. ಹ್ಯಾಂಡ್‌ಬ್ರೇಕಿನಲ್ಲಿ ಗುಣಮಟ್ಟವನ್ನು ಆರ್‌ಎಫ್ ಎಂಬ ಅಂಕಿಯಿಂದ ನಿರ್ದೇಶಿಸಲಾಗುತ್ತದೆ. ಅಂಕಿಯು ಕಡಮೆಯಾದಷ್ಟೂ ಗುಣ ಹೆಚ್ಚು. ಡಿವಿಡಿಯ ಗಾತ್ರದ ದೃಶ್ಯಕ್ಕೆ 18ರಿಂದ 22ರವರೆಗಿನ ಅಂಕಿಯನ್ನು ಅದರ ರಚನಾಕಾರರೇ ಸೂಚಿಸಿದ್ದಾರೆ. 576 ಸಾಲುಗಳ ದೃಶ್ಯವನ್ನು 1080 ಸಾಲುಗಳಿಗೆ ಹಿಗ್ಗಿಸುವುದರಿಂದ ಕಡತವು ದೊಡ್ಡದಾಗುವುದೇ ಹೊರತು ಇಲ್ಲದ ವಿವರವು ಹುಟ್ಟುವುದಿಲ್ಲ. ತ್ರುಟಿತ ಓಲೆಯಲ್ಲಿ ಊಹೆಯಿಂದ ಅಕ್ಷರ ತುಂಬಿದಂತೆಯೇ ಅದು. ಪಾಲ್ ಪದ್ಧತಿಯ ಚಿತ್ರೀಕರಣಗಳಲ್ಲಿ ಬೆಸ ಸಾಲುಗಳೂ ಸರಿ ಸಾಲುಗಳೂ ಬೇರೆಬೇರೆ ಕ್ಷಣಗಳಲ್ಲಿ ಹಿಡಿಯಲ್ಪಟ್ಟಿರುವುದುಂಟು. ಅಂತಹ ದೃಶ್ಯವು ಗಣಕದ ತೆರೆಯ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಸೀಳಿ ಕಾಣುತ್ತದೆ. ಅದನ್ನು ಸರಿಪಡಿಸುವ ಶೋಧಕಗಳು ಹ್ಯಾಂಡ್‌ಬ್ರೇಕಿನಲ್ಲಿವೆ. ಅವನ್ನು ಬಳಸುವುದು ರೂಪಾಂತರದಲ್ಲಿ ಮಾತ್ರ, ಯಥಾಪ್ರತಿಯನ್ನು ಮುಟ್ಟುವಂತಿಲ್ಲ. ಧ್ವನಿಯನ್ನು ಸಾಧ್ಯವಿದ್ದಲ್ಲಿ ಮತ್ತೆ ಅಡಕಗೊಳಿಸದೆ ಇದ್ದಂತೆಯೇ ಸಾಗಿಸುವುದು ಲೇಸು.

7. ಪರಿಶೋಧನೆ

ಗೀರುಬಿದ್ದ ಅಥವಾ ಮಾಸಿದ ತಟ್ಟೆಗೆ ಸಾಮಾನ್ಯ ಸಾಧನಗಳು ಸಾಲವು. ಅಂತಹುದಕ್ಕೆ ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶವಿದೆ. ಅದು ಮೊದಲು ಸುಲಭವಾಗಿ ಓದಬರುವ ಭಾಗಗಳನ್ನು ಇಳಿಸಿಕೊಂಡು, ಓದಲಾಗದ ಸ್ಥಳಗಳನ್ನು ಪಟ್ಟಿಯೊಂದರಲ್ಲಿ ಗುರುತಿಟ್ಟು, ಬಳಿಕ ಆ ಸ್ಥಳಗಳನ್ನು ಮತ್ತೆಮತ್ತೆ ಯತ್ನಿಸುತ್ತದೆ. ಒಂದೇ ಮುದ್ರಣದ ಎರಡು ತಟ್ಟೆಗಳು ಬೇರೆಬೇರೆ ಕಡೆಗಳಲ್ಲಿ ಕೆಟ್ಟಿದ್ದರೆ, ಮೊದಲನೆಯದರಲ್ಲಿ ಬಿಟ್ಟುಹೋದ ಸ್ಥಳಗಳನ್ನು ಎರಡನೆಯದರಿಂದ ತುಂಬಿಕೊಳ್ಳಲೂ ಅದಕ್ಕೆ ಸಾಧ್ಯ. ಎರಡು ತ್ರುಟಿತ ಪ್ರತಿಗಳಿಂದ ಒಂದು ಸಮಗ್ರ ಪಾಠವನ್ನು ಕೂಡಿಸುವ ಸಂಪಾದಕನ ಕಾರ್ಯಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ. ಮಲ್ಲಂದೂರಿನ ಮನೆಯೊಂದರ ತಟ್ಟೆ ಕೆಟ್ಟಿದ್ದಲ್ಲಿ ಅದರ ಜೊತೆಗೇ ಅಚ್ಚಾದ ತಟ್ಟೆ ಕಳಸದ ಬಂಧುಗಳ ಮನೆಯಲ್ಲಿ ಇದೆಯೇ ಎಂದು ವಿಚಾರಿಸುವುದು ಆದುದರಿಂದ ವ್ಯರ್ಥವಲ್ಲ.

ಪ್ರಾಚೀನ ಲಿಪಿಕಾರರು 32 ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಗ್ರಂಥಸಂಖ್ಯೆಯನ್ನು ಕೊನೆಯಲ್ಲಿ ಬರೆಯುತ್ತಿದ್ದರು. ಪಾಠವು ಬಿಟ್ಟುಹೋಗಿದೆಯೇ ಎಂಬುದನ್ನು ಅದರಿಂದ ಪರೀಕ್ಷಿಸಬಹುದಿತ್ತು. ಗಣಕದಲ್ಲಿ ಈ ಕಾರ್ಯವನ್ನು ಮಾಡುವುದು ತಾಳೆಮೊತ್ತ. ಎಸ್‌ಎಚ್‌ಎ-256 ಎಂಬ ಗಣಿತಕ್ರಮದಿಂದ ಯಾವುದೇ ಕಡತಕ್ಕೆ 64 ಚಿಹ್ನೆಗಳ ಒಂದು ಮುದ್ರೆ ದೊರೆಯುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ಟು ಬದಲಾದರೂ ಮುದ್ರೆಯು ಬೇರೆಯಾಗುತ್ತದೆ. ಯಥಾಪ್ರತಿಯನ್ನು ತೆಗೆದ ದಿನವೇ ಈ ಮುದ್ರೆಯನ್ನು ಬರೆದಿಟ್ಟರೆ, ಹತ್ತು ವರ್ಷಗಳ ಮೇಲೆ ಪ್ರತಿಯು ಅಕ್ಷತವೇ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ತಂತ್ರಾಂಶವನ್ನು ಪಡೆಯುವಾಗಲೂ ಇದೇ ಪರೀಕ್ಷೆ ಅಗತ್ಯವೆಂಬುದನ್ನು 2017ರ ಘಟನೆಯೊಂದು ತೋರಿಸಿಕೊಟ್ಟಿತು. ಆ ವರ್ಷದ ಮೇ 2ರಿಂದ 6ರವರೆಗೆ ಹ್ಯಾಂಡ್‌ಬ್ರೇಕನ್ನು ವಿತರಿಸುತ್ತಿದ್ದ ಎರಡನೆಯ ಗಣಕಕೇಂದ್ರಕ್ಕೆ ದುಷ್ಟರು ನುಗ್ಗಿ, ಮ್ಯಾಕ್‌ನ ಕಡತದ ಸ್ಥಾನದಲ್ಲಿ ಪ್ರೋಟಾನ್ ಎಂಬ ಕುತಂತ್ರಾಂಶವನ್ನು ಬೆರೆಸಿದ ಕಡತವನ್ನು ಇಟ್ಟಿದ್ದರು. ರಚನಾಕಾರರು ವಿಷಯವನ್ನು ಮರೆಮಾಚದೆ ಪ್ರಕಟಿಸಿ, ಕಲುಷಿತ ಕಡತದ ತಾಳೆಮೊತ್ತವನ್ನೂ ಕೊಟ್ಟು ಬಳಕೆದಾರರನ್ನು ಎಚ್ಚರಿಸಿದರು. ಮುಕ್ತವೆಂದ ಮಾತ್ರಕ್ಕೆ ಪರಿಶೋಧನೆ ಅನಾವಶ್ಯಕವಾಗುವುದಿಲ್ಲ. ಪರಿಶೋಧನೆಯು ಸಾಧ್ಯವಾಗುತ್ತದೆ, ಅಷ್ಟೆ. ಅದನ್ನು ಮಾಡುವ ಹೊಣೆ ಬಳಸುವವರದೇ.

ಕೊನೆಯದಾಗಿ ಪ್ರಶಸ್ತಿ. ಯಾವ ಊರಿನಲ್ಲಿ, ಯಾವ ದಿನ, ಯಾವ ಸಂದರ್ಭದಲ್ಲಿ ಚಿತ್ರೀಕರಣವಾಯಿತು, ಅದರಲ್ಲಿ ಕಾಣುವವರು ಯಾರು, ಯಾವ ತಟ್ಟೆಯಿಂದ ಯಾವ ತಂತ್ರಾಂಶದ ಯಾವ ಆವೃತ್ತಿಯಿಂದ ಯಾವ ದಿನ ಪ್ರತಿ ತೆಗೆಯಲಾಯಿತು ಎಂಬ ಸಣ್ಣ ಬರಹವೊಂದು ಕಡತದ ಜೊತೆಯಲ್ಲಿರಬೇಕು. ಕಾಲ, ದೇಶ, ಲಿಪಿಕಾರರ ಹೆಸರಿಲ್ಲದ ಹಸ್ತಪ್ರತಿಯನ್ನು ಮುಂದಿಟ್ಟುಕೊಂಡು ತೊಳಲಿದವರಿಗೆ ಇದರ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಹಾಡಿದ ಅಜ್ಜಿಯನ್ನು ಗುರುತಿಸಬಲ್ಲವರು ಮನೆಯಲ್ಲಿ ಇರುವಾಗಲೇ ಅದನ್ನು ಬರೆದಿಡುವುದು ಒಳಿತು.

8. ಉಪಸಂಹಾರ

ಇಷ್ಟರಿಂದ ಸಿದ್ಧವಾಗುವ ಅಂಶಗಳಿವು. ಡಿವಿಡಿಯ ಆಯುಸ್ಸು, ಅದನ್ನು ಓದುವ ಯಂತ್ರದ ಆಯುಸ್ಸು, ತಂತ್ರಾಂಶದ ಆಯುಸ್ಸು ಎಂಬ ಮೂರೂ ಬೇರೆಬೇರೆ. ಮೂರೂ ಒಟ್ಟಿಗೆ ಇರುವ ಕಾಲದಲ್ಲಿಯೇ ಪ್ರತಿಲೇಖನ ನಡೆಯಬೇಕು. ಉಚಿತವಾದುದನ್ನು ಆರಿಸುವುದು ಹಣದ ವಿಚಾರ; ಮುಕ್ತವಾದುದನ್ನು ಆರಿಸುವುದು ಪರಂಪರೆಯ ವಿಚಾರ. ಮ್ಯಾಕ್‌ನಲ್ಲಿ ಯಥಾಪ್ರತಿಗೆ ಡಿಸ್ಕ್ ಯುಟಿಲಿಟಿ ಅಥವಾ ಡಿಡಿರೆಸ್ಕ್ಯೂ, ರೂಪಾಂತರಕ್ಕೆ ಹ್ಯಾಂಡ್‌ಬ್ರೇಕ್, ನೋಡುವುದಕ್ಕೆ ವಿಎಲ್‌ಸಿ ಎಂಬ ವ್ಯವಸ್ಥೆಯು ಸದ್ಯಕ್ಕೆ ಸಾಕಾಗುತ್ತದೆ. ನಾಳೆ ಇವು ಮರೆಯಾದರೂ ಮೂಲಸಂಕೇತವು ತೆರೆದಿರುವಷ್ಟು ಕಾಲ ಇವುಗಳ ಸ್ಥಾನದಲ್ಲಿ ನಿಲ್ಲುವ ಬೇರೆಯವು ಹುಟ್ಟುವ ಸಂಭವವಿದೆ. ನಕಲಾದ ಮೇಲೆ ಹಳೆಯ ತಟ್ಟೆಯನ್ನು ಎಸೆಯುವುದು ಮಾತ್ರ ಸಲ್ಲದು.

ಮೂಡುಬಿದಿರೆಯ ಓಲೆಗಳು ಉಳಿದುದು ಶತಮಾನಗಳ ಕಾಲ ಅವನ್ನು ಕಾಯ್ದವರಿಂದ. ಅವುಗಳ ಅರ್ಥವು ಲೋಕಕ್ಕೆ ದೊರೆತುದು ದಶಕಗಳ ಕಾಲ ಕುಳಿತು ಬರೆದವರಿಂದ. ಕಾಯುವವರೂ ಬರೆಯುವವರೂ ಬೇರೆಬೇರೆಯಾಗಿದ್ದುದರಿಂದ ಅಲ್ಲಿ ಘರ್ಷಣೆಗೆ ಎಡೆಯಾಯಿತು. ಮಲ್ಲಂದೂರಿನ ಕಾಫಿತೋಟದ ಮನೆಯಲ್ಲಿ ಕಪಾಟಿನ ಕೆಳಗಣ ಗೂಡಿನಲ್ಲಿರುವ ತಟ್ಟೆಯ ವಿಷಯದಲ್ಲಾದರೋ ಕಾಯುವವರೂ ಬರೆಯುವವರೂ ಒಂದೇ ಮನೆಯವರು. ಅವರು ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ; ಮುಂದಿನ ಮಳೆಗಾಲವನ್ನು ಕಾಯದಿದ್ದರೆ ಸಾಕು.